ಹನ್ನೊಂದು ಗಂಟೆಯ ಗುಡುಗು

ಈ ವಿಡಿಯೋ ಡಿಲೀಟ್ ಮಾಡ್ಬೇಕಾ ಅಂತ ಫೋನು ಕೇಳ್ತು. ಅನೂಪ್ ಹೆಬ್ಬೆರಳನ್ನ ಹೂಂ ಅನ್ನೋ ಜಾಗದ ಮೇಲೆ ತಂದು, ಮುಟ್ಟದೆ ಹಾಗೇ ಇಟ್ಕೊಂಡಿದ್ದ. ಹದಿನೆಂಟು ದಿನದಿಂದ ಇದೇ ನಡೀತಿದೆ. ಆಸ್ಪತ್ರೆ ಬಸ್ ಹತ್ತಿದ ತಕ್ಷಣ ಫೋನ್ ತೆಗೀತಾನೆ, ಫೋನ್ ಕೇಳತ್ತೆ, ಇವನು ಸುಮ್ನಿರ್ತಾನೆ, ಪರದೆ ತಾನಾಗೇ ಕಪ್ಪಾಗತ್ತೆ. ಐವತ್ತೆರಡು ಸೆಕೆಂಡಿನ ವಿಡಿಯೋ. ಸಿನಿಮಾದಲ್ಲಾಗಿದ್ರೆ ವಿಲನ್ ಆದೋನು ಸಾಕ್ಷಿ ಸುಟ್ಟು, ಬೂದಿ ಊದಿ, ಒಂದು ಡೈಲಾಗ್ ಬಿಟ್ಟು ಎದ್ದು ಹೋಗ್ತಿದ್ದ. ವಿಲನ್‌ಗಳಿಗಾದ್ರೂ ಒಂದು ಕ್ಲಾರಿಟಿ ಇರತ್ತೆ. ಹೊರಗಡೆ ದಕ್ಷಿಣದ ಗಾಳಿ. ಬೆಳಿಗ್ಗೆ ಹದಿಮೂರು ಡಿಗ್ರಿ ಇದ್ದಿದ್ದು ಈಗ ಇಪ್ಪತ್ಮೂರು. ಎದುರು ಸೀಟಿನ ಮುದುಕಿ ಸ್ವೆಟರ್ ಬಿಚ್ಚಿ, ನೀಟಾಗಿ ಮಡಚಿ, ತೊಡೆ ಮೇಲಿಟ್ಕೊಂಡು ಅದರ ಮೇಲೆ ಎರಡೂ ಕೈ ಇಟ್ಕೊಂಡು ಕೂತಿದ್ರು. ಕಿಟಕಿ ಆಚೆ ಹಾಕುಸಾನ್ ಬೆಟ್ಟದ ಹಿಮ ಕೈ ಚಾಚಿದ್ರೆ ಸಿಗೋ ಹಾಗಿತ್ತು, ಬಸ್ಸಲ್ಲಿದ್ದೋರೆಲ್ಲಾ ಅದನ್ನ ನೋಡಿ ಒಂಥರಾ ಖುಷಿಯಾಗಿದ್ರು. ಬೆಟ್ಟ ಹೀಗೆ ಹತ್ರ ಬಂದು ನಿಂತ್ರೆ, ಗಾಳಿ ಹೀಗೆ ಬೆಚ್ಚಗೆ ಕೆನ್ನೆ ಸವರಿದ್ರೆ, ಅದರ ಬೆನ್ನ ಹಿಂದೆ ಜಪಾನ್ ಸಮುದ್ರದ ಮೇಲೆ ತಣ್ಣನೆ ಗಾಳಿಯ ಗೋಡೆಯೊಂದು ನಡ್ಕೊಂಡು ಬರ್ತಿರತ್ತೆ ಅಂತ ಅನೂಪ್‌ಗೆ ಗೊತ್ತು. ಅದನ್ನ ತಿಳ್ಕೊಳ್ಳೋಕೇ ತಾನೇ ಅವನು ಮೈಸೂರು ಬಿಟ್ಟು ಜಪಾನಿನ ಈ ನೋಮಿ ಊರಿಗೆ ಬಂದು, ಗುಡ್ಡದ ಮೇಲಿನ ಯೂನಿವರ್ಸಿಟಿಯಲ್ಲಿ ಎರಡು ವರ್ಷದಿಂದ ಮೋಡದ ಲೆಕ್ಕ ಹಾಕ್ತಿರೋದು. ಗೊತ್ತಿರೋದೇ ಈಗ ತೊಂದರೆ. ಗೊತ್ತಿಲ್ಲದೇ ಮಾಡಿದ್ರೆ ಅದಕ್ಕೆ ತಪ್ಪು ಅಂತಾರೆ. ಗೊತ್ತಿದ್ದೂ ಮಾಡಿದ್ರೆ ಏನಂತಾರೆ ಅನ್ನೋದನ್ನ ಅವನು ಇನ್ನೂ ಯೋಚ್ನೆ ಮಾಡಿರ್ಲಿಲ್ಲ.

ಕಾಲ ಹತ್ರ ಕೊಂಬಿನಿ ಅಂಗಡಿಯ ಕವರು, ಒಳಗೆ ಎರಡು ಕಸ್ಟರ್ಡ್ ಪುಡಿಂಗು. ಜಯಮ್ಮನಿಗೆ ಇದು ಇಷ್ಟ. 'ಈ ದೇಶದಲ್ಲಿ ಇರೋದು ಎರಡೇ ಒಳ್ಳೇದು ಕಣೋ ಹೀರೋ, ಒಂದು ಈ ಪುಡಿಂಗು, ಇನ್ನೊಂದು ಬಿಸಿ ಮಾಡಿದ ಕಮೋಡು' ಅಂತ ಮೊದಲನೇ ವಾರವೇ ತೀರ್ಪು ಕೊಟ್ಟಿದ್ರು. ಲೀಲಕ್ಕನ ಅಮ್ಮ ಅವರು, ಮಗಳ ಮನೇಲಿ ಮೂರು ತಿಂಗಳು ಇರೋಕೆ ಮೈಸೂರಿಂದ ಬಂದಿದ್ರು. ಲೀಲಕ್ಕನ ಗಂಡ ಬಾಲು ಅಣ್ಣಂಗೆ ಇಲ್ಲೇ ಒಂದು ಕಂಪನಿಯಲ್ಲಿ ಕೆಲಸ. ಕೆರೆ ದಂಡೆ ಮೇಲೆ ಎರಡನೇ ಮಹಡಿ ಮನೆ, ಏಳು ವರ್ಷದ ಮಗಳು ನಿಧಿ. ಕೆರೆ ಅಂದ್ರೆ ಜಪಾನಿನೋರು ಒಪ್ಪಲ್ಲ, ಅವರಿಗದು ದೊಡ್ಡ ಸರೋವರ, ಸುತ್ತ ಓಡೋಕೆ ಆರು ಕಿಲೋಮೀಟರ್ ದಾರಿ, ದೋಣಿ ಪ್ರಾಕ್ಟೀಸು ಎಲ್ಲಾ ಇದೆ. ಜಯಮ್ಮ ಒಂದ್ಸಲ ಬಾಲ್ಕನಿಯಿಂದ ನೋಡಿ 'ಕುಕ್ಕರಹಳ್ಳಿ ಕೆರೆಗಿಂತ ಒಂದ್ಚೂರು ದೊಡ್ಡದು' ಅಂದ್ಮೇಲೆ ಎಲ್ಲರ ಬಾಯಲ್ಲೂ ಅದು ಕೆರೇನೇ ಆಗೋಯ್ತು. ಭಾನುವಾರ ಭಾನುವಾರ ಅನೂಪ್‌ಗೆ ಆ ಮನೇಲಿ ಊಟ. ಊಟಕ್ಕೆ ಬದಲಾಗಿ ಅವನು ಡೈಲಾಗ್ ಹೊಡೀತಿದ್ದ. ಸಾರು ಬಡಿಸಿದ್ರೆ ಒಂದು, ಮೊಸರು ಹುಳಿಯಾಗಿದ್ರೆ ಒಂದು. ಪಂಚಿಂಗ್ ಡೈಲಾಗ್‌ಗೆ ಮುಂಚೆ ಕಾಲರ್ ಎತ್ತಿ, ಬಾಯಲ್ಲೇ ಹಿನ್ನೆಲೆ ಸಂಗೀತ ಹಾಕೋನು. ನಗೋರು ನಗ್ತಿದ್ರು, ಲ್ಯಾಬಲ್ಲೂ ನಗ್ತಿದ್ರು, ಜಪಾನಿನೋರು ಅರ್ಥ ಆಗದೇನೂ ನಗ್ತಿದ್ರು. ಜಯಮ್ಮ ಮಾತ್ರ ಬೇರೆ ಥರ. ಸೆರಗು ಬಾಯಿಗೆ ಒತ್ಕೊಂಡು, ಕಣ್ಣಲ್ಲಿ ನೀರು ಬರೋ ತನಕ ನಕ್ಕು, 'ಇನ್ನೊಂದ್ ಹೇಳೋ ಹೀರೋ' ಅನ್ನೋರು. ಹಾಗೆ ಕೇಳಿದೋರನ್ನ ಅನೂಪ್ ಅದುವರೆಗೂ ನೋಡಿರ್ಲಿಲ್ಲ. ಅವನ ಸ್ವಂತ ಮನೇಲಿ ಅವನು ಬಾಯಿ ತೆಗೆದ್ರೆ ಟೀವಿ ಸೌಂಡ್ ಜಾಸ್ತಿ ಮಾಡ್ತಿದ್ರು.

ಜಯಮ್ಮನಿಗಿದ್ದಿದ್ದು ಒಂದೇ ಕೊರಗು, ಬಿಸಿಲು. ಸೂಟ್‌ಕೇಸಲ್ಲಿ ಎರಡು ಕೇಜಿ ಸಬ್ಬಕ್ಕಿ ಹೊತ್ತು ತಂದಿದ್ರು, ಮಗಳಿಗೆ ವರ್ಷಕ್ಕಾಗೋಷ್ಟು ಸಂಡಿಗೆ ಮಾಡಿಟ್ಟು ಹೋಗ್ಬೇಕು ಅಂತ. ಊಟದ ಡಬ್ಬಿ ಮರೆತ್ರೂ ಕೊಡೆ ಮರೀಬೇಡ ಅನ್ನೋ ಗಾದೆ ಇರೋ ಸೀಮೆ ಇದು. ಬಂದು ಒಂದೂವರೆ ತಿಂಗಳಾದ್ರೂ ಸಂಡಿಗೆ ಒಣಗೋಷ್ಟು ಬಿಸಿಲು ಒಂದು ದಿನ ಬಿದ್ದಿರ್ಲಿಲ್ಲ. ಮಗಳ ಫೋನಲ್ಲಿ ಬರೋದೆಲ್ಲಾ ಜಪಾನಿ ಅಕ್ಷರ, ಅದನ್ನ ಅವರು ಓದೋಹಾಗಿಲ್ಲ, ನಂಬೋದೂ ಇಲ್ಲ. ಅವರ ಹವಾಮಾನ ಇಲಾಖೆ ಅಂದ್ರೆ ಅನೂಪ್. ದಿನಾ ಸಂಜೆ ಫೋನ್ ಮಾಡೋರು. 'ಏನೋ ಹೀರೋ, ನಾಳೆ ಬಿಸಿಲಾ?' ಇವನು ಲ್ಯಾಬಿನ ಕುರ್ಚೀಲಿ ಹಿಂದಕ್ಕೆ ಒರಗಿ, ದಪ್ಪ ಗಂಟಲಲ್ಲಿ, 'ಮೋಡ ಬರ್ಬೋದು ಅಜ್ಜಿ. ಆದ್ರೆ ಈ ಏರಿಯಾಗೆ ಎಂಟ್ರಿ ಬೇಕು ಅಂದ್ರೆ ನನ್ನ ಸಹಿ ಬೇಕು' ಅಂತಿದ್ದ. ಕೊನೇಲಿ ಮಾತ್ರ ನಿಜವನ್ನೇ ಹೇಳ್ತಿದ್ದ. ಬೇಡ ಅಜ್ಜಿ, ನಾಳೆ ನೆನೆಸ್ಬೇಡಿ. ನಲವತ್ತು ದಿನ ನಿಜ ಹೇಳಿದ್ದ. ಅದನ್ನೂ ಲೆಕ್ಕಕ್ಕೆ ತಗೋಬೇಕು ಅಂತ ಈಗ ಬಸ್ಸಲ್ಲಿ ಕೂತು ಅನ್ಸತ್ತೆ. ತಗೊಂಡ್ರೆ ಇನ್ನೂ ಹೊಲಸಾಗತ್ತೆ ಅಂತಾನೂ ಅನ್ಸತ್ತೆ. ನಲವತ್ತು ದಿನದ ನಂಬಿಕೆ ಕೈಲಿತ್ತು ಅಂತ ತಾನೇ ನಲವತ್ತೊಂದನೇ ದಿನದ ಆಟ ಅಷ್ಟು ಚೆನ್ನಾಗಿ ನಡೆದಿದ್ದು.

ಆ ಭಾನುವಾರ ರಾತ್ರಿ ಲೀಲಕ್ಕನ ಮನೇಲಿ ಊಟ ಮುಗಿಸಿ ಕೈ ತೊಳೀತಿದ್ದಾಗ ಜಯಮ್ಮ ಮಾಮೂಲಿನಂತೆ ಕೇಳಿದ್ರು. ಅನೂಪ್ ಆಗ್ಲೇ ನಕ್ಷೆ ನೋಡ್ಕೊಂಡು ಬಂದಿದ್ದ. ಬೆಳಿಗ್ಗೆ ಕಣ್ಣು ಕುಕ್ಕೋ ಬಿಸಿಲು, ಹನ್ನೊಂದಕ್ಕೆ ಗಾಳಿ ತಿರುಗಿ ಗುಡುಗು, ಆಲಿಕಲ್ಲು. ಎಷ್ಟು ಚೆನ್ನಾಗಿತ್ತು ಅಂದ್ರೆ, ಸ್ಕ್ರಿಪ್ಟ್ ಬರೆದಂಗಿತ್ತು. ಬಿಸಿಲು ನೋಡಿ ಅಜ್ಜಿ ಸಂಡಿಗೆ ಹಾಕ್ತಾರೆ, ಮಳೆ ಬರತ್ತೆ, ಅಜ್ಜಿ ಪ್ಲಾಸ್ಟಿಕ್ ಹಾಳೆ ಹಿಡ್ಕೊಂಡು ಓಡ್ತಾರೆ, ಇವನು ಮೇಲಿಂದ ಶೂಟ್ ಮಾಡ್ತಾನೆ, ರಾತ್ರಿ ಎಲ್ಲರೂ ಕೂತು ನೋಡಿ ನಗ್ತಾರೆ, ಅಜ್ಜಿ ಎಲ್ಲರಿಗಿಂತ ಜಾಸ್ತಿ ನಗ್ತಾರೆ. ಅವನ ತಲೇಲಿ ಇದ್ದಿದ್ದು ಇಷ್ಟೇ, ದೇವರಾಣೆಗೂ ಇಷ್ಟೇ. 'ಬಿಸಿಲು ಗ್ಯಾರಂಟಿ ಅಜ್ಜಿ' ಅಂದ. 'ಸೂರ್ಯ ನಾಳೆ ಡಬಲ್ ಡ್ಯೂಟಿ.' ನಿಧಿ ಅದನ್ನ ಕೇಳಿಸ್ಕೊಂಡು ಒಳಗೆ ಓಡಿ, ಬಿಳಿ ಕರವಸ್ತ್ರದೊಳಗೆ ಹತ್ತಿ ತುಂಬಿ, ಕತ್ತಿಗೆ ದಾರ ಕಟ್ಟಿ, ಕಣ್ಣು ಬಾಯಿ ಬರೆದು ಒಂದು ಗೊಂಬೆ ಮಾಡ್ಕೊಂಡು ಬಂದ್ಳು. ಇಲ್ಲಿನ ಮಕ್ಕಳು ಪಿಕ್ನಿಕ್ಕಿನ ಹಿಂದಿನ ದಿನ ಇದನ್ನ ಕಿಟಕೀಲಿ ನೇತುಹಾಕ್ತಾರೆ. ತಲೆ ಮೇಲಾಗಿ ಕಟ್ಟಿದ್ರೆ ಬಿಸಿಲು, ತಲೆಕೆಳಗಾಗಿ ಕಟ್ಟಿದ್ರೆ ಮಳೆ. ನಿಧಿ ಸ್ಟೂಲ್ ಹಾಕ್ಕೊಂಡು ಬಾಲ್ಕನಿಯ ಬಟ್ಟೆ ಒಣಗಿಸೋ ಕೋಲಿಗೆ ಅದನ್ನ ನೆಟ್ಟಗೆ ಕಟ್ಟಿ, ಎರಡು ಸಲ ಚಪ್ಪಾಳೆ ತಟ್ಟಿ ಕೈ ಮುಗಿದಿದ್ಳು. ಎಲ್ಲರೂ ಒಳಗೆ ಹೋದ್ಮೇಲೆ ಅನೂಪ್ ಶೂ ಹಾಕ್ಕೊಳ್ಳೋಕೆ ಮುಂಚೆ ಬಾಲ್ಕನಿಗೆ ಹೋಗಿ ದಾರ ಬಿಚ್ಚಿ, ಗೊಂಬೇನ ಉಲ್ಟಾ ಕಟ್ಟಿ ಬಂದ. ಯಾಕೆ ಅಂದ್ರೆ ಯಾಕೂ ಇಲ್ಲ. ವಿಡಿಯೋಗೆ ಒಂದು ಟೈಟಲ್ ಕಾರ್ಡ್ ಇರ್ಲಿ ಅಂತ.

ಬೆಳಿಗ್ಗೆ ಲ್ಯಾಬಲ್ಲಿ ಅವನದೇ ಪಾಳಿ. ಅಲ್ಲಿ ದಿನಕ್ಕೊಬ್ರು ಎಂಟು ಗಂಟೆಗೆ ಬಂದು ಬಿಳಿ ಬೋರ್ಡಿನ ಮೇಲೆ ಕೆರೆಯ ಆವತ್ತಿನ ಹವಾಮಾನ ಬರೀಬೇಕು, ಕೈ ಬರಹದಲ್ಲೇ, ಕೆಳಗೆ ಹೆಸರು. ಸಂಜೆ ಇನ್ನೊಬ್ರು ನಿಜವಾಗಿ ಏನಾಯ್ತು ಅಂತ ಪಕ್ಕದಲ್ಲಿ ಬರೀತಾರೆ. ಅನೂಪ್ ಬರೆದ. ಹನ್ನೊಂದು, ಗುಡುಗು. ಹೆಸರು ಹಾಕ್ದ. ಸೀದಾ ಬಸ್ ಹತ್ತಿ ಲೀಲಕ್ಕನ ಮನೆಗೆ ಬಂದ. ಲೀಲಕ್ಕ ನಿಧಿ ಸ್ಕೂಲಲ್ಲಿ ಮೀಟಿಂಗ್ ಅಂತ ಹೊರಟಿದ್ರು. 'ಅಮ್ಮ ಒಬ್ರೇ ಕಣೋ, ಮೆಟ್ಲು ಬೇರೆ ಇಳೀಬೇಕು, ಜೊತೇಲಿರು' ಅಂತ ಹೇಳಿ ಹೋದ್ರು. ಅವನು ಪಾತ್ರೆ ಹೊತ್ಕೊಟ್ಟ, ಹಾಳೆ ಹಾಸಿಕೊಟ್ಟ. ಕೆರೆ ದಂಡೆಯ ಹುಲ್ಲಿನ ಮೇಲೆ ಜಯಮ್ಮ ಕುಕ್ಕರುಗಾಲಲ್ಲಿ ಕೂತು, ಸೌಟಿಂದ ಒಂದೊಂದೇ ಸಂಡಿಗೆ ಬಿಡ್ತಾ, 'ಎಂಥಾ ಬಿಸಿಲೋ, ನಿನ್ನ ಬಾಯಿಗೆ ಸಕ್ರೆ ಹಾಕ' ಅಂದ್ರು. ಹತ್ತೂ ಐವತ್ತಕ್ಕೆ ಇವನು ನೀರು ಕುಡ್ಕೊಂಡು ಬರ್ತೀನಿ ಅಂತ ಮೇಲೆ ಹೋದ.

ಆಸ್ಪತ್ರೆ ಸ್ಟಾಪ್ ಬಂತು. ಫೋನ್ ಜೇಬಿಗೆ ಹಾಕ್ಕೊಂಡು ಇಳಿದ. ಲಿಫ್ಟಲ್ಲಿ ಕನ್ನಡಿ ಇತ್ತು, ನೋಡ್ಕೊಳ್ಲಿಲ್ಲ. ಮೂಳೆ ಅನ್ನೋದಕ್ಕೆ ಜಪಾನಿಯಲ್ಲಿ ಏನಂತಾರೆ ಅಂತ ಆವತ್ತು ಆಂಬುಲೆನ್ಸಿಗೆ ಫೋನ್ ಮಾಡ್ದಾಗ ನೆನಪಾಗಿರ್ಲಿಲ್ಲ. ಆ ಕಡೆಯೋರು ಏನು ಕೇಳಿದ್ರೂ ಸುಮಿಮಾಸೆನ್, ಸುಮಿಮಾಸೆನ್ ಅಂತಿದ್ದ, ಏಳೆಂಟು ಸಲ, ಯಾರದೋ ಕಾಲು ತುಳಿದು ಕ್ಷಮೆ ಕೇಳೋನ ಹಾಗೆ. ಆಲಿಕಲ್ಲು ಬೀಳ್ತಿತ್ತು. ಜಯಮ್ಮ ಮೆಟ್ಟಿಲ ಮೇಲೆ ಒಂದು ಪಕ್ಕಕ್ಕೆ ಬಿದ್ಕೊಂಡು, ಸೊಂಟದ ಮೂಳೆ ಮುರಿದ ಆ ನೋವಲ್ಲೂ 'ಸಂಡಿಗೆ ನೋಡೋ' ಅಂದಿದ್ರು. ಸಂಜೆ ಲೀಲಕ್ಕ ಅವನ ಎರಡೂ ಕೈ ಹಿಡ್ಕೊಂಡು, 'ನೀನಿರ್ದೇ ಇದ್ದಿದ್ರೆ ಅಮ್ಮನ ಗತಿ ಏನಾಗ್ತಿತ್ತೋ' ಅಂತ ಅತ್ರು. ಬಾಲು ಅಣ್ಣ ಜಪಾನಲ್ಲಿರೋ ಕನ್ನಡದೋರ ಗ್ರೂಪಲ್ಲಿ ಅವನ ಹೆಸರು ಹಾಕಿ ಥ್ಯಾಂಕ್ಸ್ ಬರೆದ್ರು, ಇಚಿಕಾವಾದಿಂದ, ಯೋಕೋಹಾಮಾದಿಂದ ಯಾರ್ಯಾರೋ ಕೈ ಮುಗಿಯೋ ಚಿತ್ರ ಕಳ್ಸಿದ್ರು. ಮಾರನೇ ದಿನ ಲ್ಯಾಬಿಗೆ ಹೋದ್ರೆ ಬೋರ್ಡಲ್ಲಿ ಅವನ ಬರಹದ ಪಕ್ಕ 'ಹನ್ನೊಂದು ಗಂಟೆ ನಾಲ್ಕು ನಿಮಿಷ' ಅಂತ ಬರೆದು, ಸುತ್ತ ಕೆಂಪು ಪೆನ್ನಲ್ಲಿ ದೊಡ್ಡ ಸೊನ್ನೆ ಸುತ್ತಿದ್ರು. ಇಲ್ಲಿ ಸೊನ್ನೆ ಅಂದ್ರೆ ಸರಿ ಉತ್ತರ. ಪಕ್ಕದ ಮೇಜಿನ ಹಯಾಶಿ ಸಾನ್ ಕುರ್ಚಿಯಿಂದ ಎದ್ದು ನಿಂತು ಸಣ್ಣದಾಗಿ ಚಪ್ಪಾಳೆ ತಟ್ಟಿದ. ಈ ವಸಂತದಲ್ಲೇ ಇಷ್ಟು ಕರೆಕ್ಟಾಗಿ ಯಾರೂ ಹೇಳಿಲ್ಲ ಅಂದ. ಅನೂಪ್ ತಲೆ ಬಗ್ಗಿಸಿ ಅರಿಗಾತೋ, ಥ್ಯಾಂಕ್ಸ್, ಅಂದ. ಆ ಕೆಂಪು ಸೊನ್ನೆ ವಾರದ ಕೊನೆ ತನಕ ಬೋರ್ಡಲ್ಲೇ ಇತ್ತು, ಕಾಫಿಗೆ ಹೋಗುವಾಗ ಅದರ ಮುಂದೇನೇ ಹೋಗ್ಬೇಕು.

ವಾರ್ಡಲ್ಲಿ ನಾಲ್ಕು ಹಾಸಿಗೆ, ಮಧ್ಯೆ ಪರದೆ. ಕಿಟಕಿ ಪಕ್ಕದ್ದು ಜಯಮ್ಮಂದು. ಕಿಟಕಿ ತೆಗೆದಿತ್ತು, ದೂರದಲ್ಲಿ ಕೆರೆ, ಬೆಚ್ಚನೆ ಗಾಳಿಗೆ ಪರದೆ ಉಬ್ಬಿ ಇಳೀತಿತ್ತು. ಹಾಸಿಗೆ ಕಂಬಿಗೆ ಸಾಲಾಗಿ ಟಿಶ್ಯೂ ಪೇಪರಿನ ಗೊಂಬೆಗಳು, ಹನ್ನೊಂದು, ಎಲ್ಲಾ ತಲೆ ಮೇಲಾಗಿ. ಜಯಮ್ಮ ಕಣ್ಣು ಮುಚ್ಚಿದ್ರು. ನಿಧಿ ಕಂಬಿ ಹತ್ರ ಮಂಡಿ ಊರಿ, ಒಂದೊಂದು ಗೊಂಬೆಯ ತಲೇನೂ ಬೆರಳಲ್ಲಿ ಮುಟ್ಟಿ ನೋಡ್ತಿದ್ಳು, ಒಲೆ ಆರಿದ್ಯಾ ಅಂತ ಮತ್ತೆ ಮತ್ತೆ ನೋಡೋರ ಥರ.

'ಅಮ್ಮ ಎಲ್ಲಿ?' ಅಂದ ಅನೂಪ್.

'ಕೆಳಗೆ. ಪೇಪರ್ಸ್. ಫೋನ್ ನಂಗೆ ಕೊಟ್ಟು ಹೋದ್ರು.'

'ಏನಿದು, ಸೈನ್ಯ ಕಟ್ಟಿದ್ದೀಯ? ಯಾರ ಮೇಲೆ ಯುದ್ಧ?'

ನಿಧಿ ನಗ್ಲಿಲ್ಲ. ಎದ್ದು ಬಂದು ಅವನ ಅಂಗಿ ತುದಿ ಹಿಡಿದು ಪರದೆ ಆಚೆ, ಖಾಲಿ ಇದ್ದ ಪಕ್ಕದ ಹಾಸಿಗೆ ಹತ್ರ ಎಳ್ಕೊಂಡು ಹೋದ್ಳು. ಕಿವಿ ಕೊಡು ಅಂತ ಸನ್ನೆ ಮಾಡಿದ್ಳು. ಅವನು ಬಗ್ಗಿದ. ಅವಳ ಉಸಿರು ಬಿಸಿಯಾಗಿತ್ತು, ಸ್ಟ್ರಾಬೆರಿ ಟೂತ್‌ಪೇಸ್ಟಿನ ವಾಸನೆ.

'ಐ ಡಿಡ್ ಇಟ್' ಅಂದ್ಳು. 'ಆ ಗೊಂಬೆ... ನಾನು ಉಲ್ಟಾ ಕಟ್ಬಿಟ್ಟಿದ್ದೆ. ಸ್ಕೂಲಿಂದ ಬಂದು ನೋಡಿದ್ರೆ ಉಲ್ಟಾ ಇತ್ತು. ಅದಕ್ಕೇ ಕಾಮಿನಾರಿ ಬಂತು. ಗುಡುಗು. ಅಜ್ಜಿಗೆ ಹೇಳ್ಬೇಡ.'

ಅನೂಪ್‌ಗೆ ಮೊದಲು ಬಂದಿದ್ದು, ನಾಚಿಕೆಗೇಡು, ಒಂದು ಡೈಲಾಗು. ತುದಿ ನಾಲಿಗೆಗೆ ಬಂದು ನಿಂತಿತ್ತು. ಅದನ್ನ ನುಂಗ್ದ. ಹದಿನೆಂಟು ದಿನದಿಂದ ಈ ಮಗು ದಿನಾ ಆಸ್ಪತ್ರೆಗೆ ಬಂದ ತಕ್ಷಣ ಅಜ್ಜಿ ಮುಂದೆ ಸೊಂಟ ಬಗ್ಗಿಸಿ 'ಗೋಮೆನ್ನಾಸಾಯ್', ತಪ್ಪಾಯ್ತು, ಅಂತಿದ್ದಿದ್ದನ್ನ ಅವನೇ ನೋಡಿದ್ದ. ಸ್ಕೂಲಲ್ಲಿ ಕಲ್ಸಿರೋ ಮರ್ಯಾದೆ ಅಂತ ಜಯಮ್ಮ ಅಂದ್ಕೊಂಡಿದ್ರು, ಅವನೂ ಹಾಗೇ ಅಂದ್ಕೊಂಡಿದ್ದ. ಹಾಗಂದ್ಕೊಳ್ಳೋದು ಆರಾಮಾಗಿತ್ತು.

'ನೀನಲ್ಲ ನಿಧಿ. ನೀನು ನೆಟ್ಟಗೇ ಕಟ್ಟಿದ್ದೆ. ಉಲ್ಟಾ ಮಾಡಿದ್ದು ನಾನು.'

ಅವಳು ಅವನ ಮುಖ ನೋಡಿದ್ಳು. ಆಮೇಲೆ ದೊಡ್ಡೋರ ಥರ ತಲೆ ಆಡಿಸಿದ್ಳು. 'ಯು ಆಲ್ವೇಸ್ ಜೋಕ್. ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದ್ದೀಯ.'

'ಜೋಕ್ ಅಲ್ಲ. ಪ್ರಾಮಿಸ್.'

'ನೀನು ಮೊನ್ನೆ ಮೀನು ಮಾತಾಡತ್ತೆ ಅಂತಾನೂ ಪ್ರಾಮಿಸ್ ಮಾಡಿದ್ದೆ.'

ಮಾಡಿದ್ದ. ಕೆರೆ ದಂಡೇಲಿ, ಮೀನಿನ ದನಿ ತೆಗೆದು. ಅನೂಪ್ ಪರದೆ ಕಡೆ ನೋಡಿದ. ಆಚೆ ಕಡೆ ಜಯಮ್ಮನ ಉಸಿರು ಕೇಳ್ತಿತ್ತು. ಗೊಂಬೆ ಕಟ್ಟಿದ್ರೆ ಮಳೆ ಬರಲ್ಲ ನಿಧಿ, ಅದು ಸೈನ್ಸು, ಸಮುದ್ರದ ಮೇಲಿಂದ ತಣ್ಣನೆ ಗಾಳಿ ಬರತ್ತೆ, ಬಿಸಿ ಗಾಳೀನ ಮೇಲೆ ತಳ್ಳತ್ತೆ ಅಂತ ಶುರು ಮಾಡಿ, ಅವಳ ಮುಖ ನೋಡಿ ನಿಲ್ಲಿಸ್ದ. ಅವಳಿಗೆ ಸೈನ್ಸ್ ಬೇಡ. ತಾನು ಕಟ್ಟಿದ್ದು ನೆಟ್ಟಗಿತ್ತು ಅಂತ ಗೊತ್ತಾಗ್ಬೇಕು, ಅಷ್ಟೇ. ಅದಕ್ಕೆ ಸಾಕ್ಷಿ ಜಗತ್ತಲ್ಲಿ ಒಂದೇ ಇತ್ತು, ಅವನ ಜೇಬಲ್ಲಿ. ಡಿಲೀಟ್ ಮಾಡಿದ್ದಿದ್ರೆ ಈ ಹೊತ್ತಿಗೆ ಬಚಾವ್ ಆಗಿರ್ತಿದ್ದೆ ಅನ್ನೋ ಯೋಚ್ನೆ ಮಿಂಚಿ ಹೋಯ್ತು, ನಿಜವಾಗ್ಲೂ ಹೋಯ್ತು, ಅದು ಬೇರೆ ಯಾರದ್ದೋ ಯೋಚ್ನೆ ಅಂತ ಹೇಳೋಕಾಗಲ್ಲ. ಸೌಂಡ್ ಪೂರ್ತಿ ಕಮ್ಮಿ ಮಾಡಿ ಫೋನ್ ಅವಳ ಕೈಗೆ ಕೊಟ್ಟ.

ಫೋನಿನ ಪರದೆ ಮೇಲೆ ಮೊದಲು ಬಾಲ್ಕನಿ ಕೋಲು, ತಲೆಕೆಳಗಾದ ಗೊಂಬೆ, ಅದರ ಕಡೆ ತೋರಿಸ್ತಿರೋ ಅನೂಪ್‌ನ ಬೆರಳು. 'ಏನ್ ಹೇಳ್ತಿದ್ದೀಯ? ಕೇಳಲ್ಲ' ಅಂತ ನಿಧಿ ಪಕ್ಕದ ಗುಂಡಿ ಒತ್ತಿದ್ಳು. ಒತ್ತಿ ಹಿಡಿದ್ಳು. ಆ ನಿಶ್ಶಬ್ದ ವಾರ್ಡಲ್ಲಿ ಅವನದೇ ದಪ್ಪ ದನಿ, ಹಿನ್ನೆಲೆ ಸಂಗೀತದ ಸಮೇತ, ಗೋಡೆಗೆಲ್ಲಾ ಬಡೀತು: 'ನಿಧಿ ಮೇಡಂ ಕಟ್ಟಿದ್ದು ನೆಟ್ಟಗೆ! ರಾತ್ರೋರಾತ್ರಿ ಉಲ್ಟಾ ಹೊಡೆದಿದ್ದು ನಿಮ್ಮ ಹುಡ್ಗ! ಹನ್ನೊಂದಕ್ಕೆ ಕ್ಲೈಮ್ಯಾಕ್ಸು, ಅಜ್ಜಿಗೆ ಏನೂ ಗೊತ್ತಿಲ್ಲ...' ನಿಧಿ ಉಸಿರು ಬಿಟ್ಳು. ಭುಜ ಎರಡೂ ಕೆಳಗಿಳಿದವು. ಅವನು ಫೋನಿಗೆ ಕೈ ಹಾಕೋಷ್ಟರಲ್ಲಿ ಪರದೆ ಆಚೆಯಿಂದ,

'ಯಾರೋ ಅದು, ಅನೂಪಾ? ಏನದು, ಇಲ್ಲಿ ತಾ, ನಾನೂ ನೋಡ್ತೀನಿ' ಅಂದ್ರು ಜಯಮ್ಮ.

ನಿಧಿ ಆಗ್ಲೇ ಫೋನ್ ಹಿಡ್ಕೊಂಡು ಓಡಿದ್ಳು. ಹಿಂದೆ ಹೋದ. ದಿಂಬಿಗೆ ಒರಗಿ, ಕನ್ನಡಕ ಹಾಕ್ಕೊಂಡು ಜಯಮ್ಮ ಮೊದಲಿಂದ ನೋಡಿದ್ರು. ಅನೂಪ್‌ಗೆ ಚಿತ್ರ ಕಾಣ್ತಿರ್ಲಿಲ್ಲ, ಬೇಕಾಗೀನೂ ಇರ್ಲಿಲ್ಲ, ಐವತ್ತೆರಡು ಸೆಕೆಂಡೂ ತಲೇಲೇ ಇತ್ತು. ಕೆರೆ ಆಚೆ ದಡದಲ್ಲಿ ನೀರು ಕಪ್ಪಗಾಗಿದೆ. ಆ ಕಪ್ಪು ಗೆರೆ ನೀರಿನ ಮೇಲೆ ಓಡಿ ಬರ್ತಿದೆ, ಗಾಳಿಯ ಅಂಚು. ಕೆಳಗೆ ಹುಲ್ಲಿನ ಮೇಲೆ ಸಣ್ಣದಾಗಿ ಜಯಮ್ಮ, ಕೆರೆಗೆ ಬೆನ್ನು ಹಾಕಿ, ಕೊನೇ ಸೌಟಿನ ಸಂಡಿಗೆ ಬಿಡ್ತಿದ್ದಾರೆ. ಮೇಲಿಂದ ಅವನ ದನಿ: ಐದು. ನಾಲ್ಕು. ಮೂರು. ಎರಡು. ಒಂದಕ್ಕೆ ಸರಿಯಾಗಿ ಹಾಳೆ ಎದ್ದು ಹಾರತ್ತೆ. ಸಿಡಿಲು. ಜಯಮ್ಮ ಹಾಳೆ ತಬ್ಕೊಂಡು ಮೆಟ್ಟಿಲ ಕಡೆ ಓಡ್ತಾರೆ, ಮೊದಲು ನಗ್ತಾನೇ ಓಡ್ತಾರೆ. ಮೇಲೆ ನಗ್ತಿರೋನು ಅವರು ಬಿದ್ಮೇಲೂ ಇನ್ನೊಂದ್ಸಲ ನಗ್ತಾನೆ, ಅರ್ಧ ನಗು, ಯಾಕಂದ್ರೆ ನಗು ಆಗ್ಲೇ ಶುರುವಾಗಿತ್ತು. ಆಮೇಲೆ ಆಕಾಶ, ನೆಲ, ಕಪ್ಪು.

'ಎಣಿಸ್ತಿದ್ಯಲ್ಲೋ' ಅಂದ್ರು ಜಯಮ್ಮ. ಜೋರು ಮಾಡ್ಲಿಲ್ಲ. ಏನೋ ಒಂದು ಸಾಮಾನು ಎಲ್ಲಿಟ್ಟಿದ್ದೆ ಅಂತ ನೆನಪಾದೋರ ಹಾಗೆ ಅಂದ್ರು.

'ಗೊತ್ತಿತ್ತು ಅಜ್ಜಿ. ರಾತ್ರೀನೇ ಗೊತ್ತಿತ್ತು.'

'ಲೀಲಾ ಮೊನ್ನೆ, ಅಷ್ಟು ಓದಿರೋ ಹುಡ್ಗ, ಮಳೆ ಬರೋದು ಹೇಗೆ ಗೊತ್ತಾಗ್ಲಿಲ್ಲಮ್ಮ ಅಂದ್ಳು. ನಾನೇ ಅವಳಿಗೆ ಬೈದೆ. ದೇವರಿಗೇ ಗೊತ್ತಿರಲ್ಲ, ಪಾಪ ಅವನಿಗೇನು ಗೊತ್ತು ಅಂದೆ.' ಕನ್ನಡಕ ತೆಗೆದು ಸೆರಗಲ್ಲಿ ಒರೆಸೋಕೆ ಹೋದ್ರು. ಮೈಮೇಲಿದ್ದಿದ್ದು ಆಸ್ಪತ್ರೆ ಗೌನು, ಸೆರಗಿರ್ಲಿಲ್ಲ. ಹಾಗೇ ಮತ್ತೆ ಹಾಕ್ಕೊಂಡ್ರು. 'ನಾನು ಅವಳಿಗೆ ಹೇಳಲ್ಲ. ಅವಳು ಮೇಲೆ ಬರ್ತಾಳೆ, ನೀನೇ ಹೇಳು.'

'ಹೇಳ್ತೀನಿ.'

ಅವನು ಏನಾದ್ರೂ ಹೇಳ್ತಾನೆ ಅಂತ ಕಾಯ್ತಿದ್ದ ಹಾಗಿದ್ರು ಅವರು. ಇಂಥ ಹೊತ್ತಿಗೆ ಅಂತಾನೇ ಎಷ್ಟು ಸಾಲು ಬಾಯಿಪಾಠ ಇತ್ತು ಅವನಿಗೆ, ಕೋರ್ಟ್ ಸೀನು, ಮಳೇಲಿ ಕಾಲಿಗೆ ಬೀಳೋ ಸೀನು. ಎಲ್ಲಾ ಬೇರೆ ಯಾರೋ ಬರ್ಕೊಟ್ಟಿದ್ದು. ಕೊಂಬಿನಿ ಕವರಿಂದ ಪುಡಿಂಗ್ ತೆಗೆದು ಟೇಬಲ್ ಮೇಲಿಟ್ಟ, ಪಕ್ಕದಲ್ಲಿ ಚಮಚ ಇಟ್ಟ, ಚಮಚದ ಪ್ಲಾಸ್ಟಿಕ್ ಬಿಚ್ಚಿದ, ಮಾಡೋಕೆ ಇನ್ನೇನೂ ಉಳೀಲಿಲ್ಲ. ನಿಧಿ ಕಂಬಿಯಿಂದ ಗೊಂಬೆಗಳನ್ನ ಒಂದೊಂದಾಗಿ ಬಿಚ್ತಿದ್ಳು, ಗುನುಗ್ತಾ. ಆ ಮನೆಯ ಭಾನುವಾರಗಳಲ್ಲಿ ಅವಳು ಹಾಗೆ ಗುನುಗ್ತಿದ್ದಿದ್ದನ್ನ ಅವನು ಮರ್ತೇ ಬಿಟ್ಟಿದ್ದ.

ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಜಯಮ್ಮ ಕಿಟಕಿ ಕಡೆ ತಿರುಗಿದ್ರು. 'ನಾಲ್ಕೂವರೆಗೆ ಇವತ್ತು ಮೊದಲನೇ ಸಲ ಹೊರಗೆ ನಡೆಸ್ತಾರಂತೆ, ಆ ತೋಟದಲ್ಲಿ, ವಾಕರ್ ಹಿಡ್ಕೊಂಡು' ಅಂದ್ರು. ಅಭ್ಯಾಸಬಲ ಇರ್ಬೇಕು, ಅವನ ಕಡೆ ನೋಡಿ ಕೇಳಿದ್ರು. 'ಬಿಸಿಲಿರತ್ತಾ?'

'ಇರಲ್ಲ ಅಜ್ಜಿ' ಅಂದ ಅನೂಪ್. ಅವನ ದನಿ ಅವನಿಗೇ ತೆಳ್ಳಗೆ ಕೇಳಿಸ್ತು, ಒಂಥರಾ ಹೊಸದಾಗಿ. 'ನಾಲ್ಕೂಕಾಲಿಗೆ ಗಾಳಿ ತಿರುಗತ್ತೆ. ನಾಲ್ಕೂವರೆಗೆ ಮಳೆ, ಗುಡುಗು. ಹೊರಗೆ ಹೋಗ್ಬೇಡಿ.'

ಜಯಮ್ಮ ಕಿಟಕಿ ಆಚೆ ನೋಡಿದ್ರು. ಆಕಾಶ ತೊಳೆದ ತಟ್ಟೆ ಥರ ಇತ್ತು, ಬೆಟ್ಟ ಪಕ್ಕದ ಮನೆಯಷ್ಟು ಹತ್ರ. ಅವನನ್ನ ನೋಡಿದ್ರು. ಆಮೇಲೆ ಮೊಮ್ಮಗಳ ಕಡೆ ತಿರುಗಿದ್ರು.

'ನಿಧಿ, ಪುಟ್ಟಾ. ಅಮ್ಮನ ಫೋನಲ್ಲಿ ಸ್ವಲ್ಪ ನೋಡಿ ಹೇಳು.'

ನಿಧಿ ಗೊಂಬೆಗಳನ್ನ ಹಾಸಿಗೆ ಮೇಲೆ ಸುರಿದು, ಫೋನ್ ತಗೊಂಡು, ಬೆರಳಲ್ಲಿ ಸರಿಸಿ, ಆ ಅಕ್ಷರಗಳನ್ನ ಒಂದೊಂದೇ ಓದಿದ್ಳು. 'ನಾಲ್ಕೂವರೆ, ಅಜ್ಜಿ. ಮಳೆ. ಕಾಮಿನಾರಿ ಕೂಡ ಇದೆ.'

'ಹೌದಾ?' ಅಂದ್ರು ಜಯಮ್ಮ. 'ಹಾಗಾದ್ರೆ ಹೋಗೋದ್ ಬೇಡ ಬಿಡು.'